ಶ್ವಾಸಕೋಶದ ಅಧಿಕ ರಕ್ತದೊತ್ತಡದಲ್ಲಿ ರಕ್ತನಾಳಗಳ ಪ್ರೋಟೀನ್ ಬದಲಾವಣೆಯನ್ನು ಅಳೆಯುವುದು ಹೇಗೆ: ಬೆಂಗಳೂರಿನ ಪ್ರಯೋಗಾಲಯಗಳಿಗೊಂದು ಮಾರ್ಗದರ್ಶಿ

ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಗಳಲ್ಲಿ ಒತ್ತಡ ಏರುವ ಸ್ಥಿತಿಯನ್ನು ವೈದ್ಯರು ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ವಿಶ್ರಾಂತಿಯಲ್ಲಿರುವ ರೋಗಿಗೆ ಬಲಹೃದಯದ ಮೂಲಕ ಕ್ಯಾತಿಟರ್ ಹಾಕಿ ಅಳೆದ ಸರಾಸರಿ ಒತ್ತಡ 20 ಮಿ.ಮೀ. ಪಾದರಸವನ್ನು ಮೀರಿದರೆ ಆ ಹೆಸರು ಸಲ್ಲುತ್ತದೆ. ಬಹುಕಾಲ ಈ ಗಡಿ 25 ಇತ್ತು. 2018ರ ವಿಶ್ವ ವಿಚಾರಸಂಕಿರಣ ಅದನ್ನು ಇಳಿಸಬೇಕೆಂದಿತು, 2022ರ ಯುರೋಪಿನ ಮಾರ್ಗಸೂಚಿ ಒಪ್ಪಿಕೊಂಡಿತು. ಒತ್ತಡ ಏರಿದಾಗ ಚಿಕ್ಕ ಅಪಧಮನಿಗಳ ಗೋಡೆಯಲ್ಲಿ ಯಾವ ಪ್ರೋಟೀನ್ ಹೆಚ್ಚುತ್ತದೆ, ಯಾವುದು ಕುಗ್ಗುತ್ತದೆ ಎಂಬುದನ್ನು ನಂಬಬಹುದಾದ ರೀತಿಯಲ್ಲಿ ಅಳೆಯುವ ಕ್ರಮವನ್ನು, ಬೆಂಗಳೂರಿನ ಕಾಲೇಜು ಮತ್ತು ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ಪಿಎಚ್.ಡಿ. ವಿದ್ಯಾರ್ಥಿಗಳನ್ನೂ ಪ್ರಬಂಧಕ್ಕಾಗಿ ಪ್ರಯೋಗಾಲಯಕ್ಕೆ ಬರುವ ಎಂ.ಡಿ. ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಪ್ರೋಟೀನ್ ಎಷ್ಟು ಬದಲಾಯಿತು ಎಂಬುದಕ್ಕಿಂತ ಎಲ್ಲಿ ಬದಲಾಯಿತು ಎಂಬ ಪ್ರಶ್ನೆ ಈ ಕ್ಷೇತ್ರದಲ್ಲಿ ದೊಡ್ಡದು. ರೋಗದ ಕೇಂದ್ರವಾದ 100 ಮೈಕ್ರಾನ್‌ಗಿಂತ ಕಿರಿದಾದ ಅಪಧಮನಿಗಳು ಶ್ವಾಸಕೋಶದ ಒಟ್ಟು ತೂಕದಲ್ಲಿ ಬಹಳ ಸಣ್ಣ ಪಾಲು. ಉಳಿದದ್ದು ಗಾಳಿಗೂಡುಗಳು, ಕಿರುಶ್ವಾಸನಾಳಗಳು, ರಕ್ತಕಣಗಳು, ಉರಿಯೂತದ ಜೀವಕೋಶಗಳು. ಇಡೀ ಶ್ವಾಸಕೋಶವನ್ನು ಅರೆದು ಅದರಲ್ಲಿ ಅಪಧಮನಿಯ ಸ್ಥಿತಿ ಹುಡುಕುವುದು, ಒಂದು ಪಾತ್ರೆ ಸಾಂಬಾರನ್ನು ಮಿಕ್ಸಿಗೆ ಹಾಕಿ ನುಗ್ಗೆಕಾಯಿ ಬೆಂದಿತ್ತೇ ಎಂದು ಕೇಳಿದಂತೆ. ಆದರೂ ಸಲ್ಲಿಕೆಯಾಗುವ ಪ್ರಬಂಧಗಳಲ್ಲಿ ಹಲವು ಮಾಡುವುದು ಅದನ್ನೇ. ಮುಂದಿನ ಹೆಜ್ಜೆಗಳೆಲ್ಲ ಈ ತೊಂದರೆಯನ್ನು ತಪ್ಪಿಸಿಕೊಳ್ಳುವ ದಾರಿಗಳು.

ಮೊದಲ ಹೆಜ್ಜೆ: ಯಾವ ಪ್ರೋಟೀನ್, ಯಾವ ಪದರ

ಅಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ: ರಕ್ತಕ್ಕೆ ತಾಗಿಕೊಂಡಿರುವ ಎಂಡೋಥೀಲಿಯಂ ಒಳಪದರ, ನಯಸ್ನಾಯುಗಳ ನಡುಪದರ, ನಾರುಕೋಶಗಳಿರುವ ಹೊರಪದರ. ನಿಮ್ಮ ಆಸಕ್ತಿಯ ಪ್ರೋಟೀನ್ ಸಾಮಾನ್ಯವಾಗಿ ಇವುಗಳಲ್ಲಿ ಎಲ್ಲಿರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಮುಂದೆ ಯಾವ ವಿಧಾನ ಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಒಳಪದರದಲ್ಲಿ ಮುಖ್ಯವಾದವು ನೈಟ್ರಿಕ್ ಆಕ್ಸೈಡ್ ತಯಾರಿಸುವ ಇಎನ್‌ಒಎಸ್, ಪ್ರೋಸ್ಟಾಸೈಕ್ಲಿನ್ ಸಿಂಥೇಸ್, ಕೇವಿಯೋಲಿನ್-1, ಮತ್ತು 1988ರಲ್ಲಿ ಪತ್ತೆಯಾದ ಎಂಡೋಥೀಲಿನ್-1. ರೋಗಿಗಳ ಶ್ವಾಸಕೋಶದಲ್ಲಿ ಎಂಡೋಥೀಲಿನ್-1 ಹೆಚ್ಚುವುದನ್ನೂ ಪ್ರೋಸ್ಟಾಸೈಕ್ಲಿನ್ ಸಿಂಥೇಸ್ ಕುಗ್ಗುವುದನ್ನೂ 1990ರ ದಶಕದಲ್ಲೇ ತೋರಿಸಲಾಯಿತು; ಬೊಸೆಂಟಾನ್‌ನಂತಹ ಔಷಧಿಗಳು ಎಂಡೋಥೀಲಿನ್ ಗ್ರಾಹಕವನ್ನು ತಡೆದೇ ಕೆಲಸ ಮಾಡುತ್ತವೆ. ನಡುಪದರದಲ್ಲಿ ನೋಡಬೇಕಾದವು ನಾಳವನ್ನು ಸಡಿಲಿಸುವ ಸಂಕೇತದ ಅಣುವಾದ ಸಿಜಿಎಂಪಿಯನ್ನು ಒಡೆಯುವ ಪಿಡಿಇ5, ಪೊಟ್ಯಾಸಿಯಂ ವಾಹಿನಿಯಾದ ಕೆವಿ1.5, ಜೀವಕೋಶ ಬೆಳೆಯಲು ಪ್ರಚೋದಿಸುವ ಪಿಡಿಜಿಎಫ್‌ನ ಗ್ರಾಹಕ, ಜೀವಕೋಶ ವಿಭಜನೆಯನ್ನು ತೋರಿಸುವ ಪಿಸಿಎನ್‌ಎ ಮತ್ತು ಕೆಐ-67. ರೋಗದಲ್ಲಿ ಪಿಡಿಇ5 ಏರುತ್ತದೆ, ಸಿಲ್ಡೆನಾಫಿಲ್ ತಡೆಯುವುದು ಅದನ್ನೇ. ಕೆವಿ1.5 ಕುಗ್ಗಿದಾಗ ಸ್ನಾಯುಕೋಶದ ಪೊರೆಯ ವಿಭವ ಏರಿ, ಕ್ಯಾಲ್ಸಿಯಂ ಒಳನುಗ್ಗಿ, ನಾಳ ಬಿಗಿಯಾಗುತ್ತದೆ.

ಎಲ್ಲ ಚರ್ಚೆಗೂ ತಿರುವು ಕೊಟ್ಟದ್ದು ಬಿಎಂಪಿಆರ್2 ಎಂಬ ಗ್ರಾಹಕ ಪ್ರೋಟೀನ್. ವಂಶಪಾರಂಪರ್ಯವಾಗಿ ಬರುವ ಶ್ವಾಸಕೋಶದ ಅಪಧಮನಿಯ ಅಧಿಕ ರಕ್ತದೊತ್ತಡಕ್ಕೆ ಈ ಗ್ರಾಹಕದ ಜೀನ್‌ನಲ್ಲಿನ ದೋಷ ಕಾರಣವೆಂದು 2000ದಲ್ಲಿ ಗೊತ್ತಾಯಿತು. ಜೀನ್ ದೋಷವಿಲ್ಲದ ರೋಗಿಗಳಲ್ಲೂ ಪ್ರಾಣಿ ಮಾದರಿಗಳಲ್ಲೂ ಇದರ ಪ್ರೋಟೀನ್ ಪ್ರಮಾಣ ಕುಗ್ಗಿರುವುದನ್ನು ಬಳಿಕ ಕಂಡುಕೊಂಡರು. ಇದರ ಪರಿಣಾಮವನ್ನು ಕೆಳಹಂತದಲ್ಲಿ ಸ್ಮ್ಯಾಡ್1/5/9 ಪ್ರೋಟೀನ್‌ಗಳ ಫಾಸ್ಫರಿಲೇಷನ್ (ಫಾಸ್ಫೇಟ್ ಗುಂಪು ಸೇರಿಕೊಳ್ಳುವುದು) ಮೂಲಕ ಅಳೆಯಬಹುದು. 2024ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಸೊಟಾಟರ್ಸೆಪ್ಟ್, ಆಕ್ಟಿವಿನ್‌ನಂತಹ ಅಣುಗಳನ್ನು ಹಿಡಿದಿಟ್ಟು, ಈ ಸಂಕೇತ ಮಾರ್ಗದ ತಕ್ಕಡಿಯನ್ನು ಸಮಸ್ಥಿತಿಗೆ ತರುವ ಉದ್ದೇಶದಿಂದ ರೂಪುಗೊಂಡದ್ದು.

ಮೊದಲ ಯೋಜನೆಗೆ ಮೂರು ನಾಲ್ಕು ಪ್ರೋಟೀನ್‌ಗಳು ಸಾಕು. ಹನ್ನೆರಡು ಪ್ರೋಟೀನ್‌ಗಳನ್ನು ಅರೆಬರೆ ಅಳೆದ ಪ್ರಬಂಧಕ್ಕಿಂತ, ಬಿಎಂಪಿಆರ್2 ಒಂದನ್ನೇ ಪದರಪದರವಾಗಿ ಬಿಡಿಸಿ ತೋರಿಸಿದ ಪ್ರಬಂಧ ಹೆಚ್ಚು ಕಾಲ ಬಾಳುತ್ತದೆ.

ಎರಡನೆಯ ಹೆಜ್ಜೆ: ಅನುಮತಿ ಮತ್ತು ಪ್ರಾಣಿ ಮಾದರಿ

ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಹಿಂದೆ ಸಿಪಿಸಿಎಸ್‌ಇಎ ಎಂದಿದ್ದ, ಈಗ ಸಿಸಿಎಸ್‌ಇಎ ಎಂದು ಕರೆಯುವ ಕೇಂದ್ರ ಸಮಿತಿಯ ನಮೂನೆ ಬಿ ಅರ್ಜಿಯಲ್ಲಿ ಇಲಿಗಳ ಸಂಖ್ಯೆಗೆ ಲೆಕ್ಕಾಚಾರ ಕೊಡಬೇಕು. ಮಾನೊಕ್ರೋಟಲಿನ್ ಎಂಬ ವಿಷ ಚುಚ್ಚಿ ರೋಗ ತರಿಸುವ ಮಾದರಿಯಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಕೆಲವು ಇಲಿಗಳು ಸಾಯುತ್ತವೆ. ಆ ನಷ್ಟವನ್ನು ಮೊದಲೇ ಕೂಡಿಸಿ ಕೇಳಿಕೊಳ್ಳಿ, ಮಧ್ಯದಲ್ಲಿ ಹೆಚ್ಚುವರಿ ಇಲಿಗಳಿಗೆ ಮತ್ತೆ ಅರ್ಜಿ ಹಾಕಿ ಕಾಯುವ ಫಜೀತಿ ತಪ್ಪುತ್ತದೆ.

ಹೆಚ್ಚು ಬಳಕೆಯಲ್ಲಿರುವ ಮಾದರಿಗಳು ಮೂರು. ಮಾನೊಕ್ರೋಟಲಿನ್ ಎಂಬುದು ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಕುಲಕ್ಕೆ ಸೇರಿದ ಗಿಡದಲ್ಲಿ ಸಿಗುವ ವಿಷ. ಇಲಿಗೆ ಕೆ.ಜಿ. ತೂಕಕ್ಕೆ 60 ಮಿ.ಗ್ರಾಂ.ನಂತೆ ಚರ್ಮದಡಿ ಒಂದೇ ಸಲ ಚುಚ್ಚಿದರೆ ಮೂರು ನಾಲ್ಕು ವಾರಗಳಲ್ಲಿ ಒತ್ತಡ ಏರುತ್ತದೆ. ಇದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಪಿಎಚ್ 7.4ಕ್ಕೆ ತರಬೇಕು, ಕೈಗವಸು ಕಡ್ಡಾಯ. ಯಕೃತ್ತಿನಲ್ಲಿ ಇದು ಸಕ್ರಿಯ ರೂಪಕ್ಕೆ ಬದಲಾಗಬೇಕಾದ್ದರಿಂದ, ಆ ಕ್ರಿಯೆ ದುರ್ಬಲವಾಗಿರುವ ಮೌಸ್ ಜಾತಿಯ ಸುಂಡಿಲಿಗಳಲ್ಲಿ ಈ ಮಾದರಿ ಸರಿಯಾಗಿ ಕೂರುವುದಿಲ್ಲ. ಎರಡನೆಯದು ಶೇ. 10 ಆಮ್ಲಜನಕದ ಕೋಣೆಯಲ್ಲಿ ಮೂರು ನಾಲ್ಕು ವಾರ ಇಡುವ ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಮಾದರಿ. ಮೂರನೆಯದು 2001ರಲ್ಲಿ ಪ್ರಕಟವಾದ ಸುಗೆನ್-ಹೈಪಾಕ್ಸಿಯಾ ಮಾದರಿ: ರಕ್ತನಾಳ ಬೆಳೆಸುವ ವಿಇಜಿಎಫ್‌ನ ಗ್ರಾಹಕವನ್ನು ತಡೆಯುವ ಎಸ್‌ಯು5416 ಔಷಧಿಯನ್ನು ಕೆ.ಜಿ.ಗೆ 20 ಮಿ.ಗ್ರಾಂ. ಕೊಟ್ಟು, ಮೂರು ವಾರ ಹೈಪಾಕ್ಸಿಯಾದಲ್ಲಿಟ್ಟು, ಬಳಿಕ ಸಾಮಾನ್ಯ ಗಾಳಿಗೆ ಮರಳಿಸುವುದು. ಮನುಷ್ಯರ ರೋಗದಲ್ಲಿ ಕಾಣುವ, ನಾಳವನ್ನೇ ಮುಚ್ಚಿಬಿಡುವ ಗಾಯಗಳಿಗೆ ಹತ್ತಿರವಾದದ್ದು ಇದು. ಸಮಯ ಮತ್ತು ಹಣ ಇದ್ದರೆ ನನ್ನ ಆಯ್ಕೆ ಇದೇ. ಮಾನೊಕ್ರೋಟಲಿನ್ ಅಗ್ಗ, ಆದರೆ ಅದರಲ್ಲಿ ಯಕೃತ್ತಿನ ಗಾಯ ಮತ್ತು ಉರಿಯೂತ ಎರಡೂ ಜೊತೆಗೆ ಬರುತ್ತವೆ.

ಹೈಪಾಕ್ಸಿಯಾ ಮಾಡುವವರು ಬೆಂಗಳೂರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಈ ಊರಿನಲ್ಲಿ ವಾಯುಭಾರ ಸುಮಾರು 680 ಮಿ.ಮೀ. ಪಾದರಸ, ಕಡಲತೀರದ ಊರಲ್ಲಿ 760. ಉಸಿರಿನ ದಾರಿಯಲ್ಲಿ ನೀರಾವಿಗೆ ಸಲ್ಲುವ 47ನ್ನು ಕಳೆದರೆ, ಶೇ. 10 ಆಮ್ಲಜನಕದಲ್ಲಿ ಇಲಿ ಒಳಗೆಳೆದುಕೊಳ್ಳುವ ಆಮ್ಲಜನಕದ ಆಂಶಿಕ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 71, ಇಲ್ಲಿ ಸುಮಾರು 63. ಕಡಲತೀರದ ಪ್ರಯೋಗಾಲಯವೊಂದು ಪ್ರಕಟಿಸಿದ ವಿಧಾನವನ್ನು ಹಾಗೇ ಅನುಸರಿಸಿದರೆ ನಮ್ಮ ಇಲಿಗಳಿಗೆ ಹೆಚ್ಚು ತೀವ್ರವಾದ ಹೈಪಾಕ್ಸಿಯಾ ಆಗುತ್ತದೆ, ಸಾವೂ ಹೆಚ್ಚಬಹುದು. ಅದೇ 71ಕ್ಕೆ ತರಲು ಕೋಣೆಯ ಆಮ್ಲಜನಕವನ್ನು ಶೇ. 11.3ರ ಆಸುಪಾಸಿನಲ್ಲಿ ಇಡಬೇಕು. ಪ್ರಬಂಧದಲ್ಲಿ ಶೇಕಡಾವಾರಿನ ಜೊತೆಗೆ ಆಂಶಿಕ ಒತ್ತಡವನ್ನೂ ಬರೆಯಿರಿ. ಆಮ್ಲಜನಕ ಸಂವೇದಕವನ್ನು ಇಲ್ಲಿಯ ಕೊಠಡಿಯ ಗಾಳಿಗೇ ಹೊಂದಿಸಿಕೊಳ್ಳಿ. ನಿಯಂತ್ರಣ ಗುಂಪಿನ ಇಲಿಗಳೂ ಇದೇ ಊರಿನ ಗಾಳಿಯಲ್ಲೇ ಇರಲಿ. ವಿದ್ಯುತ್ ಹೋದಾಗ ಕೋಣೆಯ ಪಂಪು ಮತ್ತು ನಿಯಂತ್ರಕ ಎರಡೂ ಯುಪಿಎಸ್ ಮೇಲೆ ನಡೆಯುವಂತಿರಬೇಕು. ಅರ್ಧ ಗಂಟೆ ಬಾಗಿಲು ತೆರೆದಿದ್ದರೂ ಹೈಪಾಕ್ಸಿಯಾದ ಸಂಕೇತ ಮಾರ್ಗಗಳು ಬದಲಾಗುತ್ತವೆ.

ಗಂಡು, ಹೆಣ್ಣು ಇಲಿಗಳನ್ನು ಬೆರೆಸಿ ಒಂದೇ ಗುಂಪು ಮಾಡಬೇಡಿ. ಮನುಷ್ಯರಲ್ಲಿ ಅಪಧಮನಿಯ ಈ ಕಾಯಿಲೆ ಹೆಂಗಸರಲ್ಲಿ ಹೆಚ್ಚು. ಆದರೆ ಹಲವು ಪ್ರಾಣಿ ಮಾದರಿಗಳಲ್ಲಿ ಗಂಡುಗಳಿಗೇ ತೀವ್ರವಾಗಿ ಬರುತ್ತದೆ. ಎರಡನ್ನೂ ಇಟ್ಟುಕೊಂಡರೆ ಬೇರೆ ಬೇರೆಯಾಗಿ ವಿಶ್ಲೇಷಿಸುವಷ್ಟು ಸಂಖ್ಯೆ ಬೇಕು.

ಮೂರನೆಯ ಹೆಜ್ಜೆ: ರೋಗ ಬಂದಿದೆ ಎಂದು ಮೊದಲು ಸಾಬೀತುಪಡಿಸಿ

ಅರಿವಳಿಕೆಯಲ್ಲಿರುವ ಇಲಿಯ ಕುತ್ತಿಗೆಯ ಬಲ ಜುಗುಲರ್ ಅಭಿಧಮನಿಯಿಂದ ಕ್ಯಾತಿಟರ್ ಇಳಿಸಿ ಬಲ ಹೃತ್ಕುಕ್ಷಿಯ ಸಂಕೋಚನ ಒತ್ತಡವನ್ನು ದಾಖಲಿಸಿ. ಆರೋಗ್ಯವಂತ ಇಲಿಯಲ್ಲಿ ಇದು ಸುಮಾರು 25 ಮಿ.ಮೀ. ಇರುತ್ತದೆ, ರೋಗದಲ್ಲಿ ಇಮ್ಮಡಿ ಅಥವಾ ಅದಕ್ಕೂ ಹೆಚ್ಚು. ಬಳಿಕ ಹೃದಯವನ್ನು ಬಿಡಿಸಿ, ಬಲ ಹೃತ್ಕುಕ್ಷಿಯ ತೂಕವನ್ನು ಎಡ ಹೃತ್ಕುಕ್ಷಿ ಮತ್ತು ನಡುಗೋಡೆಯ ಒಟ್ಟು ತೂಕದಿಂದ ಭಾಗಿಸಿದರೆ ಫುಲ್ಟನ್ ಸೂಚ್ಯಂಕ ಸಿಗುತ್ತದೆ. ಮುಂದೆ ಹೇಳುವ ಎಚ್‌ಐಎಫ್-1 ಆಲ್ಫಾ ಇಲಿಗಳನ್ನು ಬಿಟ್ಟರೆ, ಪ್ರತಿ ಇಲಿಗೂ ಈ ಎರಡು ಸಂಖ್ಯೆಗಳಿಲ್ಲದ ಪ್ರೋಟೀನ್ ದತ್ತಾಂಶವನ್ನು ಯಾವ ಪರೀಕ್ಷಕರೂ ಒಪ್ಪಬಾರದು. ಚುಚ್ಚುಮದ್ದು ಕೊಟ್ಟ ಮಾತ್ರಕ್ಕೆ ಕಾಯಿಲೆ ಬಂದಿತೆಂದು ಭಾವಿಸುವುದು ಸಲ್ಲದು.

ನಾಲ್ಕನೆಯ ಹೆಜ್ಜೆ: ಅಂಗಾಂಶ ತೆಗೆಯುವ ಹತ್ತು ನಿಮಿಷ

ಇಡೀ ಯೋಜನೆಯ ಹಣೆಬರಹ ಇಲ್ಲಿ ತೀರ್ಮಾನವಾಗುತ್ತದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಇಲಿಯ ಪ್ರಾಣ ತೆಗೆಯಲು ಇಂಗಾಲದ ಡೈಆಕ್ಸೈಡ್ ಬಳಸಬೇಡಿ. ಅದು ಶ್ವಾಸಕೋಶದಲ್ಲೇ ರಕ್ತಸ್ರಾವ ಮತ್ತು ನೀರುತುಂಬುವಿಕೆ ಉಂಟುಮಾಡುತ್ತದೆ. ಒತ್ತಡ ಅಳೆದ ಅದೇ ಅರಿವಳಿಕೆಯನ್ನು ಹೆಚ್ಚಿಸಿ, ಹೆಪಾರಿನ್ ಕೊಟ್ಟು, ಎದೆ ತೆರೆಯಿರಿ. ಎಡ ಹೃತ್ಕರ್ಣಕ್ಕೆ ಸಣ್ಣ ಕತ್ತರಿ ಹಾಕಿ, ಬಲ ಹೃತ್ಕುಕ್ಷಿಯ ಮೂಲಕ ಶ್ವಾಸಕೋಶದ ಅಪಧಮನಿಗೆ ತಣ್ಣನೆಯ ಫಾಸ್ಫೇಟ್ ಲವಣದ್ರಾವಣವನ್ನು ಮೆಲ್ಲಗೆ ಬಿಡಿ. ಸಿರಿಂಜನ್ನು ಕೈಯಿಂದ ಒತ್ತಬೇಡಿ. ಸುಮಾರು 20 ಸೆಂ.ಮೀ. ಎತ್ತರದಲ್ಲಿ ತೂಗುಹಾಕಿದ ಬಾಟಲಿಯಿಂದ ತಾನಾಗಿ ಇಳಿಯಲಿ. ಕೆಂಪಾಗಿದ್ದ ಶ್ವಾಸಕೋಶ ಗುಲಾಬಿಯಾಗಿ, ಆಮೇಲೆ ಹಾಲಿನಂತೆ ಬಿಳಿಯಾಗುತ್ತದೆ. ಒಂದು ಹಾಲೆ ಕೆಂಪಾಗಿಯೇ ಉಳಿದರೆ ಅಲ್ಲಿ ಹೆಪ್ಪುಗಟ್ಟಿದೆ ಅಥವಾ ಸೂಜಿ ಒಂದು ಬದಿಗೆ ಸರಿದಿದೆ ಎಂದರ್ಥ. ಆ ಹಾಲೆಯನ್ನು ಪ್ರೋಟೀನ್ ಅಳತೆಗೆ ಬಳಸಬೇಡಿ. ಉಳಿದ ರಕ್ತದ ಆಲ್ಬುಮಿನ್, ಹಿಮೋಗ್ಲೋಬಿನ್ ಮತ್ತು ಇಲಿಯದೇ ಪ್ರತಿಕಾಯಗಳು ಮುಂದೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ, ತೆಳು ಪೊರೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನ) ಅಡ್ಡ ಬರುತ್ತವೆ. ವಿಶೇಷವಾಗಿ 25 ಮತ್ತು 50 ಕಿಲೋಡಾಲ್ಟನ್ ಜಾಗಗಳಲ್ಲಿ ಕಾಣುವ ದಪ್ಪ ಪಟ್ಟಿಗಳು ಹೆಚ್ಚಾಗಿ ಈ ಪ್ರತಿಕಾಯಗಳ ತುಂಡುಗಳೇ.

ಇಲಿಯ ಬಲ ಶ್ವಾಸಕೋಶದಲ್ಲಿ ನಾಲ್ಕು ಹಾಲೆಗಳು, ಎಡದ್ದು ಒಂದೇ ಹಾಲೆ. ಇದರ ಲಾಭ ಪಡೆಯಿರಿ. ಬಲ ಮುಖ್ಯ ಶ್ವಾಸನಾಳವನ್ನು ದಾರದಿಂದ ಕಟ್ಟಿ ಬಲ ಹಾಲೆಗಳನ್ನು ಕತ್ತರಿಸಿ, ಮುಂದಿನ ಹೆಜ್ಜೆಯಲ್ಲಿ ನಾಳ ಬಿಡಿಸಲು ಬೇಕಾದ ಹಾಲೆಯನ್ನು ಮಂಜುಗಡ್ಡೆಯ ಮೇಲಿಟ್ಟು, ಉಳಿದವನ್ನು ದ್ರವ ಸಾರಜನಕಕ್ಕೆ ಹಾಕಿ. ಎಡ ಶ್ವಾಸಕೋಶಕ್ಕೆ ಶ್ವಾಸನಾಳದ ಮೂಲಕ, ತಟಸ್ಥ ಪಿಎಚ್‌ನ ಶೇ. 10 ಫಾರ್ಮಲಿನ್ ಅನ್ನು 25 ಸೆಂ.ಮೀ. ನೀರಿನ ಒತ್ತಡದಲ್ಲಿ ತುಂಬಿ, ಕಟ್ಟಿ, 24 ಗಂಟೆ ಅದೇ ದ್ರಾವಣದಲ್ಲಿ ಮುಳುಗಿಸಿಡಿ. ಉಬ್ಬಿಸದೆ ಸ್ಥಿರಗೊಳಿಸಿದ ಶ್ವಾಸಕೋಶದಲ್ಲಿ ಗಾಳಿಗೂಡುಗಳು ಕುಸಿದು ಆರೋಗ್ಯವಂತ ನಾಳವೂ ದಪ್ಪಗೋಡೆಯದಾಗಿ ಕಾಣುತ್ತದೆ. ಎಲ್ಲ ಇಲಿಗಳಿಗೂ ಒಂದೇ ಒತ್ತಡ, ಒಂದೇ ಅವಧಿ.

ಆಮ್ಲಜನಕ ಕಡಿಮೆಯಾದಾಗ ಹೆಚ್ಚುವ ಎಚ್‌ಐಎಫ್-1 ಆಲ್ಫಾ ಪ್ರೋಟೀನ್ ಅಳೆಯುವ ಇರಾದೆ ಇದ್ದರೆ ಗಡಿಯಾರವೇ ಎದುರಾಳಿ. ಸಾಮಾನ್ಯ ಆಮ್ಲಜನಕ ತಾಗಿದ ಕೆಲವೇ ನಿಮಿಷಗಳಲ್ಲಿ ಈ ಪ್ರೋಟೀನ್ ಒಡೆದುಹೋಗುತ್ತದೆ. ಹೈಪಾಕ್ಸಿಯಾ ಕೋಣೆಯಿಂದ ತೆಗೆದು, ಒತ್ತಡ ಅಳೆದು, ತೊಳೆದು, ಅರ್ಧ ಗಂಟೆಯ ಬಳಿಕ ಹೆಪ್ಪುಗಟ್ಟಿಸಿದ ಅಂಗಾಂಶದಲ್ಲಿ ಅದು ಕಾಣಲಿಲ್ಲವೆಂದರೆ ಅದರಿಂದ ಏನೂ ಹೇಳಲಾಗದು. ಅದಕ್ಕೆಂದೇ ಪ್ರತ್ಯೇಕ ಇಲಿಗಳನ್ನು ಮೀಸಲಿಟ್ಟು, ಒತ್ತಡ ಅಳೆಯದೆ ನೇರವಾಗಿ ಹೆಪ್ಪುಗಟ್ಟಿಸುವುದು ಲೇಸು.

ಐದನೆಯ ಹೆಜ್ಜೆ: ರಕ್ತನಾಳವನ್ನು ಬಿಡಿಸಿಕೊಳ್ಳುವುದು

ಮಂಜುಗಡ್ಡೆಯ ಮೇಲಿಟ್ಟ ತಟ್ಟೆಯಲ್ಲಿ, ಡಿಸೆಕ್ಷನ್ ಮೈಕ್ರೋಸ್ಕೋಪ್ ಅಡಿಯಲ್ಲಿ, ಹಾಲೆಯ ಒಳಗಿನ ಅಪಧಮನಿಯನ್ನು ಕವಲಿನಿಂದ ಕವಲಿಗೆ ಹಿಂಬಾಲಿಸಿ ಬಿಡಿಸಬೇಕು. ಅಪಧಮನಿ ಯಾವಾಗಲೂ ಶ್ವಾಸನಾಳದ ಕವಲಿನ ಪಕ್ಕದಲ್ಲೇ ಸಾಗುತ್ತದೆ. ಅಭಿಧಮನಿ ಅದರಿಂದ ದೂರ ಹಾದುಹೋಗುತ್ತದೆ. ಈ ಒಂದು ಗುರುತು ಹಿಡಿದರೆ ಎರಡನ್ನೂ ಬೆರೆಸಿಬಿಡುವ ಅಪಾಯ ಕಡಿಮೆ. ಶ್ವಾಸನಾಳದ ಚೂರು ಅಂಟಿಕೊಂಡು ಬಂದರೆ ಅದರ ನಯಸ್ನಾಯು ನಿಮ್ಮ ಫಲಿತಾಂಶಕ್ಕೆ ಸೇರಿಕೊಳ್ಳುತ್ತದೆ, ಆದ್ದರಿಂದ ಕಿತ್ತು ತೆಗೆಯಿರಿ. ಹೀಗೆ ಮೂರನೆಯ ನಾಲ್ಕನೆಯ ಕವಲಿನವರೆಗೆ ಕೈಯಿಂದ ತಲುಪಬಹುದು. ಅದಕ್ಕೂ ಕಿರಿದಾದ, ಗಾಳಿಗೂಡುಗಳ ನಡುವಿನ ನಾಳಗಳಿಗೆ ಲೇಸರ್ ಮೈಕ್ರೋಡಿಸೆಕ್ಷನ್ ಅಥವಾ ಅಂಗಾಂಶ ಛೇದಗಳ ಬಣ್ಣಗಾರಿಕೆಯೇ ದಾರಿ. ಒಂದು ಇಲಿಯಿಂದ ಸಿಗುವ ಪ್ರೋಟೀನ್ ತೀರ ಕಡಿಮೆ ಬಂದರೆ ಎರಡು ಇಲಿಗಳದ್ದನ್ನು ಕೂಡಿಸಬಹುದು, ಆದರೆ ಆಗ ಆ ಜೋಡಿಯೇ ಒಂದು ಸ್ಯಾಂಪಲ್ ಎಂದು ಎಣಿಸಬೇಕು.

ಅಪಧಮನಿಯ ನಯಸ್ನಾಯು ಕೋಶಗಳನ್ನು ಬೆಳೆಸಿ ಅಳೆಯುವ ದಾರಿಯೂ ಇದೆ. ಬೆಳೆಸುವ ತಟ್ಟೆಯಲ್ಲಿ ಈ ಕೋಶಗಳು ಸಂಕೋಚನದ ಗುಣ ಕಳೆದುಕೊಂಡು ವಿಭಜನೆಯ ಗುಣ ಪಡೆಯುತ್ತಾ ಹೋಗುತ್ತವೆ. ರೋಗದಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ ಆದ್ದರಿಂದ ಎರಡರ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಆರಂಭದ ಕೆಲವು ಪ್ಯಾಸೇಜ್‌ಗಳಲ್ಲೇ (ಕೋಶಗಳನ್ನು ಹೊಸ ತಟ್ಟೆಗೆ ವರ್ಗಾಯಿಸುವ ಸರದಿಗಳಲ್ಲೇ) ಮುಗಿಸಿ, ಎಲ್ಲ ಗುಂಪುಗಳಿಗೂ ಒಂದೇ ಪ್ಯಾಸೇಜ್ ಬಳಸಿ.

ಆರನೆಯ ಹೆಜ್ಜೆ: ವೆಸ್ಟರ್ನ್ ಬ್ಲಾಟ್

ಅಂಗಾಂಶವನ್ನು ಪ್ರೋಟಿಯೇಸ್ ಮತ್ತು ಫಾಸ್ಫಟೇಸ್ ತಡೆಗಳಿರುವ ರಿಪಾ ಬಫರ್‌ನಲ್ಲಿ ಅರೆದು, ತಣ್ಣಗೆ ಸೆಂಟ್ರಿಫ್ಯೂಜ್ ಮಾಡಿ, ಬಿಸಿಎ ವಿಧಾನದಲ್ಲಿ ಪ್ರಮಾಣ ಅಳೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಈ ಕಾಯಿಲೆಗೇ ವಿಶೇಷವಾದ ತೊಡಕುಗಳು ಬೇರೆ ಇವೆ.

ಮೊದಲ ತೊಡಕು ಹೋಲಿಕೆಗೆ ಬಳಸುವ ಪ್ರೋಟೀನ್‌ನದು. ಅಭ್ಯಾಸಬಲದಿಂದ ಎಲ್ಲರೂ ಬೀಟಾ-ಆಕ್ಟಿನ್ ತೆಗೆದುಕೊಳ್ಳುತ್ತಾರೆ. ಅದರ ಗಾತ್ರ 42 ಕಿಲೋಡಾಲ್ಟನ್. ನಯಸ್ನಾಯುವಿನ ಗುರುತಾದ ಆಲ್ಫಾ-ಎಸ್‌ಎಂಎಯೂ 42. ಒಂದೇ ಪೊರೆಯ ಮೇಲೆ ಎರಡನ್ನೂ ಬೇರ್ಪಡಿಸಲಾಗದು. ಅಲ್ಲದೆ ಗೋಡೆ ದಪ್ಪವಾಗುವಾಗ ಕೋಶಗಳ ಆಕ್ಟಿನ್ ಚೌಕಟ್ಟೇ ಬದಲಾಗುತ್ತಿರುತ್ತದೆ. ಹಾಗಾದರೆ ಜಿಎಪಿಡಿಎಚ್ ಇರಲಿ ಎಂದರೆ ಅದೂ ನಿರಪಾಯವಲ್ಲ: ಅದು ಗ್ಲೂಕೋಸ್ ಒಡೆಯುವ ಕಿಣ್ವ, ಹೈಪಾಕ್ಸಿಯಾದಲ್ಲಿ ಎಚ್‌ಐಎಫ್ ಮೂಲಕ ಏರುತ್ತದೆ. ಈ ಕಾರಣಕ್ಕೆ ಇಲ್ಲಿ ಪೊರೆಯ ಮೇಲಿನ ಒಟ್ಟು ಪ್ರೋಟೀನ್ ಬಣ್ಣವೇ ಹೆಚ್ಚು ನಂಬಿಕೆಗೆ ಅರ್ಹ. ಪೊನ್ಸೋ ಎಸ್ ಅಗ್ಗವಾಗಿ ಸಿಗುತ್ತದೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಪ್ರತಿಕಾಯ ಹಾಕುವ ಮುನ್ನ ಅದರ ಚಿತ್ರ ತೆಗೆದಿಡಿ.

ಎರಡನೆಯ ತೊಡಕು ಹೆಚ್ಚು ಸೂಕ್ಷ್ಮವಾದದ್ದು, ಆದರೆ ನನ್ನ ಅಂದಾಜಿನಲ್ಲಿ ಅತಿ ಹೆಚ್ಚು ತಪ್ಪು ತೀರ್ಮಾನಗಳಿಗೆ ಕಾರಣ ಇದೇ. ರೋಗದಲ್ಲಿ ನಡುಪದರದ ಸ್ನಾಯು ಹೆಚ್ಚುತ್ತದೆ. ಆಗ ಅಪಧಮನಿಯ ಒಟ್ಟು ಪ್ರೋಟೀನ್‌ನಲ್ಲಿ ಒಳಪದರದ ಪಾಲು ತಾನಾಗಿ ಕುಗ್ಗುತ್ತದೆ. ಜೆಲ್‌ನ ಪ್ರತಿ ಬಾವಿಗೂ (ಸ್ಯಾಂಪಲ್ ಹಾಕುವ ಕುಳಿಗೂ) 20 ಮೈಕ್ರೋಗ್ರಾಂ ಸಮನಾಗಿ ಹಾಕಿದಾಗ ಇಎನ್‌ಒಎಸ್ ಪಟ್ಟಿ ಮಸುಕಾಗಿ ಕಂಡರೆ, ಒಳಪದರದ ಕೋಶಗಳು ಅದನ್ನು ಕಡಿಮೆ ತಯಾರಿಸುತ್ತಿವೆಯೋ ಅಥವಾ ಆ ಕೋಶಗಳೇ ಮಿಶ್ರಣದಲ್ಲಿ ಕಡಿಮೆಯಾಗಿವೆಯೋ ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಒಳಪದರದ ಪ್ರೋಟೀನ್‌ಗಳನ್ನು ಸಿಡಿ31ರಂತಹ ಒಳಪದರದ ಗುರುತಿನೊಂದಿಗೂ, ಸ್ನಾಯುವಿನವನ್ನು ನಯಸ್ನಾಯುವಿನ ಮಯೋಸಿನ್‌ನೊಂದಿಗೂ ಹೋಲಿಸಿದ ಎರಡನೆಯ ಲೆಕ್ಕವನ್ನು ಯಾವಾಗಲೂ ಜೊತೆಗಿಡಿ. ಎರಡು ಲೆಕ್ಕಗಳೂ ಒಂದೇ ದಿಕ್ಕು ತೋರಿಸಿದರೆ ಧೈರ್ಯವಾಗಿ ಬರೆಯಬಹುದು. ತೋರಿಸದಿದ್ದರೆ ಛೇದಗಳ ಬಣ್ಣಗಾರಿಕೆ ನೋಡದೆ ಬಾಯಿ ಬಿಡಬೇಡಿ.

ಇಎನ್‌ಒಎಸ್ ವಿಷಯದಲ್ಲಿ ಹಳೆಯ ವರದಿಗಳೇ ಒಂದಕ್ಕೊಂದು ಎದುರಾಗಿ ನಿಂತಿವೆ. ರೋಗಿಗಳ ಶ್ವಾಸಕೋಶದಲ್ಲಿ ಅದು ಕುಗ್ಗಿದೆ ಎಂದು 1995ರಲ್ಲಿ ಪ್ರಕಟವಾಯಿತು. ಕುಗ್ಗಿಲ್ಲ, ಕೆಲವು ಗಾಯಗಳಲ್ಲಿ ಹೆಚ್ಚೇ ಇದೆ ಎಂದವರೂ ಇದ್ದಾರೆ. ದೀರ್ಘ ಹೈಪಾಕ್ಸಿಯಾದ ಇಲಿಗಳಲ್ಲಿ ಹೆಚ್ಚಳ ಕಂಡವರಿದ್ದಾರೆ. ಮಾದರಿ, ನಾಳದ ಗಾತ್ರ, ಅಳೆದ ಹಂತ ಎಲ್ಲವೂ ಬೇರೆಯಾದಾಗ ಹೀಗಾಗುವುದು ಸಹಜ. ಅಲ್ಲದೆ ಒಟ್ಟು ಪ್ರಮಾಣ ಇದ್ದೂ ಕಿಣ್ವ ಕೆಲಸ ಮಾಡದಿರಬಹುದು. ಸೆರಿನ್ 1177 ಜಾಗದ ಫಾಸ್ಫರಿಲೇಷನ್ ಅನ್ನು, ಸಾಧ್ಯವಾದರೆ ಕುದಿಸದೆ ತಣ್ಣಗೆ ಓಡಿಸಿದ ಜೆಲ್‌ನಲ್ಲಿ ಜೋಡಿರೂಪ ಮತ್ತು ಒಂಟಿರೂಪಗಳ ಅನುಪಾತವನ್ನೂ ನೋಡಿ. ಫಾಸ್ಫೋ ಪ್ರೋಟೀನ್‌ಗಳಿಗೆ ಪೊರೆಯನ್ನು ಹಾಲಿನ ಪುಡಿಯಲ್ಲಿ ನೆನೆಸಬೇಡಿ, ಹಾಲಿನ ಕೇಸೀನ್ ತಾನೇ ಫಾಸ್ಫೋ ಪ್ರೋಟೀನ್, ಶೇ. 5 ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಬಳಸಿ.

ಎಂಡೋಥೀಲಿನ್-1 ಬರೀ 21 ಅಮೈನೋ ಆಮ್ಲಗಳ ಪೆಪ್ಟೈಡ್, ಸುಮಾರು 2.5 ಕಿಲೋಡಾಲ್ಟನ್. ಸಾಮಾನ್ಯ ಜೆಲ್‌ನಲ್ಲಿ ಅದು ಬಣ್ಣದ ಗೆರೆಯ ಜೊತೆ ಕೆಳಗೆ ಓಡಿಹೋಗುತ್ತದೆ. ಅದಕ್ಕೆ, ಕುಳಿಗಳ ತಟ್ಟೆಯಲ್ಲಿ ಪ್ರತಿಕಾಯದಿಂದ ಪ್ರಮಾಣ ಅಳೆಯುವ ಎಲೈಸಾ ಸರಿ. ಬಿಎಂಪಿಆರ್2 ಇದಕ್ಕೆ ತದ್ವಿರುದ್ಧ: ದೊಡ್ಡ ಗಾತ್ರದ, ಸಕ್ಕರೆ ಸರಪಳಿ ಹೊತ್ತ ಪೊರೆಯ ಪ್ರೋಟೀನ್. 95 ಡಿಗ್ರಿಯಲ್ಲಿ ಕುದಿಸಿದರೆ ಗಂಟುಕಟ್ಟುವ ಸಾಧ್ಯತೆ ಇರುವುದರಿಂದ 37 ಮತ್ತು 70 ಡಿಗ್ರಿಗಳಲ್ಲೂ ಪರೀಕ್ಷಿಸಿ ನೋಡಿ, ಪೊರೆಗೆ ವರ್ಗಾಯಿಸುವಾಗ ಹೆಚ್ಚು ಸಮಯ ಕೊಡಿ. ಇದರ ಪ್ರತಿಕಾಯಗಳ ಗುಣಮಟ್ಟವೂ ಏರುಪೇರು. ಖರೀದಿಸಿದ ಪ್ರತಿಕಾಯವನ್ನು ನಂಬುವ ಮುನ್ನ, ಜೀನ್ ಅನ್ನು ಅಡಗಿಸುವ ಎಸ್‌ಐಆರ್‌ಎನ್‌ಎ ಬಳಸಿ ಬಿಎಂಪಿಆರ್2 ಇಳಿಸಿದ ಕೋಶಗಳಲ್ಲಿ ಆ ಪಟ್ಟಿ ನಿಜಕ್ಕೂ ಮಸುಕಾಗುತ್ತದೆಯೇ ಎಂದು ನೋಡಲೇಬೇಕು.

ಪ್ರತಿ ಪ್ರತಿಕಾಯಕ್ಕೂ ಒಮ್ಮೆ 5, 10, 20, 40 ಮೈಕ್ರೋಗ್ರಾಂ ಸಾಲು ಓಡಿಸಿ, ಪ್ರಮಾಣ ಇಮ್ಮಡಿಯಾದಾಗ ಸಂಕೇತವೂ ಇಮ್ಮಡಿಯಾಗುವ ವ್ಯಾಪ್ತಿಯಲ್ಲೇ ಕೆಲಸ ಮಾಡಿ. ನಿಯಂತ್ರಣ ಗುಂಪು ಒಂದು ಜೆಲ್, ರೋಗದ ಗುಂಪು ಇನ್ನೊಂದು ಜೆಲ್ ಎಂದು ಎಂದಿಗೂ ಮಾಡಬೇಡಿ.

ಏಳನೆಯ ಹೆಜ್ಜೆ: ಛೇದಗಳ ಮೇಲೆ ಜಾಗ ಗುರುತಿಸುವುದು

ಪ್ಯಾರಾಫಿನ್‌ನಲ್ಲಿ ಕೂರಿಸಿದ ಎಡ ಶ್ವಾಸಕೋಶದಿಂದ 4–5 ಮೈಕ್ರಾನ್ ಛೇದಗಳನ್ನು ಕತ್ತರಿಸಿ, ಆಲ್ಫಾ-ಎಸ್‌ಎಂಎ, ಒಳಪದರದ ಗುರುತಾದ ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಮತ್ತು ನಿಮ್ಮ ಪ್ರೋಟೀನ್ ಹೀಗೆ ಮೂರನ್ನೂ ಒಟ್ಟಿಗೆ ಬಣ್ಣ ಹಾಕಿ. ಆರೋಗ್ಯವಂತ ಇಲಿಯಲ್ಲಿ ಗಾಳಿಗೂಡುಗಳ ನಡುವಿನ ಅತಿ ಕಿರಿಯ ಅಪಧಮನಿಗಳ ಸುತ್ತ ಸ್ನಾಯು ಇರುವುದಿಲ್ಲ ಅಥವಾ ಅರ್ಧಚಂದ್ರದಷ್ಟು ಮಾತ್ರ ಇರುತ್ತದೆ. ರೋಗದಲ್ಲಿ ಅದು ಪೂರ್ತಿ ಬಳೆಯಾಗುತ್ತದೆ. 50 ಮೈಕ್ರಾನ್‌ಗಿಂತ ಕಿರಿದಾದವು, 50ರಿಂದ 100, ಅದಕ್ಕೂ ದೊಡ್ಡವು ಎಂದು ವಿಂಗಡಿಸಿ ಪ್ರತ್ಯೇಕವಾಗಿ ಎಣಿಸಿ. ಓರೆಯಾಗಿ ಕತ್ತರಿಸಲ್ಪಟ್ಟ ನಾಳದ ಗೋಡೆ ಸುಳ್ಳು ದಪ್ಪ ತೋರಿಸುತ್ತದೆ. ಉದ್ದನೆಯ ವ್ಯಾಸ ಕಿರಿಯ ವ್ಯಾಸದ ಇಮ್ಮಡಿಗಿಂತ ಹೆಚ್ಚಿದ್ದರೆ ಆ ನಾಳವನ್ನು ಬಿಟ್ಟುಬಿಡಿ.

ಶ್ವಾಸಕೋಶದ ಅಪಧಮನಿಗಳಲ್ಲಿ ಎಲಾಸ್ಟಿನ್ ನಾರು ಹೇರಳ, ಅದು ಹಸಿರು ಬೆಳಕಿನಲ್ಲಿ ತಾನಾಗಿಯೇ ಹೊಳೆಯುತ್ತದೆ. ಯಾವ ಪ್ರತಿಕಾಯವನ್ನೂ ಹಾಕದ ಗಾಜಿನ ಮೇಲೂ ಅಪಧಮನಿಯ ಅಂಚು ಅಲೆಅಲೆಯಾದ ಹಸಿರು ಗೆರೆಯಾಗಿ ಎದ್ದು ಕಾಣುವುದನ್ನು ನೋಡಿದರೆ, ಎಷ್ಟು ಸುಲಭವಾಗಿ ಅದನ್ನು ಒಳಪದರದ ಪ್ರೋಟೀನ್ ಎಂದು ವರದಿ ಮಾಡಿಬಿಡಬಹುದು ಎಂಬುದು ತಿಳಿಯುತ್ತದೆ. ಮುಖ್ಯ ಪ್ರೋಟೀನ್‌ಗೆ ಕಡುಗೆಂಪು ತುದಿಯ ಬಣ್ಣ ಬಳಸಿ, ಹಸಿರನ್ನು ಸಂಕೇತ ಬಲವಾಗಿರುವ ಆಲ್ಫಾ-ಎಸ್‌ಎಂಎಗೆ ಬಿಡಿ. ಎರಡನೆಯ ಪ್ರತಿಕಾಯವನ್ನಷ್ಟೇ ಹಾಕಿದ ಗಾಜು ಪ್ರತಿ ಸರದಿಯಲ್ಲೂ ಇರಲಿ. ಕ್ಯಾಮೆರಾದ ಎಕ್ಸ್‌ಪೋಶರ್ ಅನ್ನು ಮೊದಲ ಗಾಜಿಗೆ ನಿಗದಿಪಡಿಸಿದ ಮೇಲೆ ಕೊನೆಯ ಗಾಜಿನವರೆಗೂ ಮುಟ್ಟಬೇಡಿ. ಎಣಿಸುವವರಿಗೆ ಯಾವುದು ಯಾವ ಗುಂಪಿನದೆಂದು ಗೊತ್ತಿರಬಾರದು. ಗಾಜಿನ ಮೇಲಿನ ಗುರುತಿಗೆ ಸಹಪಾಠಿಯೊಬ್ಬರಿಂದ ಕಾಗದ ಅಂಟಿಸಿಕೊಂಡರೂ ಸಾಕು.

ಎಂಟನೆಯ ಹೆಜ್ಜೆ: ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕೆನಿಸಿದರೆ

ಯಾವ ಪ್ರೋಟೀನ್ ಎಂದು ಮೊದಲೇ ಊಹಿಸದೆ ಸಾವಿರಾರನ್ನು ಒಟ್ಟಿಗೆ ನೋಡಬೇಕೆಂದರೆ ಬೆಂಗಳೂರು ಒಳ್ಳೆಯ ಊರು. ಬಳ್ಳಾರಿ ರಸ್ತೆಯ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದಲ್ಲಿರುವ ಸಿ-ಕ್ಯಾಂಪ್ ಸಂಶೋಧನಾ ಸೇವಾ ಕೇಂದ್ರ ಹೊರಗಿನ ಸಂಶೋಧಕರಿಗೂ ಸೇವೆ ಕೊಡುತ್ತದೆ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್, 2014ರಲ್ಲಿ ಪ್ರಕಟವಾದ ಮಾನವ ಪ್ರೋಟಿಯೋಮ್ ನಕ್ಷೆಯ ಕೆಲಸದಲ್ಲಿ ಪಾಲ್ಗೊಂಡ ಸಂಸ್ಥೆ. ಸ್ಯಾಂಪಲ್ ಒಯ್ಯುವ ಮುನ್ನ ಅಲ್ಲಿಯವರೊಡನೆ ಬಫರ್ ಬಗ್ಗೆ ಮಾತಾಡಿ. ನೀವು ವೆಸ್ಟರ್ನ್‌ಗೆ ಬಳಸಿದ ಡಿಟರ್ಜೆಂಟ್ ಅವರ ಯಂತ್ರಕ್ಕೆ ಒಗ್ಗದಿರಬಹುದು. ನಗರದ ದಕ್ಷಿಣ ತುದಿಯಿಂದ ಹೆಬ್ಬಾಳದಾಚೆಗೆ ಸಂಜೆಯ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ: ಡ್ರೈ ಐಸ್ ಬೇಕೆನಿಸಿದ್ದಕ್ಕಿಂತ ಹೆಚ್ಚೇ ಇರಲಿ, ಕಾರಿನ ಕಿಟಕಿ ತುಸು ತೆರೆದಿರಲಿ, ಹೊರಡುವುದು ಬೆಳಗಿನ ಜಾವ ಇರಲಿ.

ಫಲಿತಾಂಶದ ಉದ್ದನೆಯ ಪಟ್ಟಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಹಿಮೋಗ್ಲೋಬಿನ್, ಆಲ್ಬುಮಿನ್ ಸಾಲುಗಳನ್ನು. ಅವು ಒಂದು ಗುಂಪಿನಲ್ಲಿ ಮಾತ್ರ ಹೆಚ್ಚಿದ್ದರೆ ನೀವು ಅಳೆದದ್ದು ತೊಳೆಯುವಿಕೆಯ ವ್ಯತ್ಯಾಸ. ಮುಖ್ಯವೆನಿಸಿದ ಎರಡು ಮೂರು ಪ್ರೋಟೀನ್‌ಗಳನ್ನು ಬೇರೆ ಇಲಿಗಳಲ್ಲಿ ವೆಸ್ಟರ್ನ್ ಮತ್ತು ಛೇದಗಳ ಮೂಲಕ ಮತ್ತೆ ತೋರಿಸಿ.

ಒಂಬತ್ತನೆಯ ಹೆಜ್ಜೆ: ಲೆಕ್ಕ ಹಾಕುವುದು, ಮನುಷ್ಯರ ಅಂಗಾಂಶಕ್ಕೆ ದಾಟುವುದು

ಎಂಟು ಇಲಿಗಳಿಂದ ತಲಾ 30 ನಾಳ ಅಳೆದರೆ ನಿಮ್ಮ ಬಳಿ ಇರುವುದು ಎಂಟು ಸ್ಯಾಂಪಲ್‌ಗಳೇ ಹೊರತು 240 ಅಲ್ಲ. ಒಂದೇ ಇಲಿಯ ನಾಳಗಳು ಪರಸ್ಪರ ಸ್ವತಂತ್ರವಲ್ಲ. ಪ್ರತಿ ಇಲಿಯ ಸರಾಸರಿ ತೆಗೆದುಕೊಳ್ಳಿ ಅಥವಾ ಇಲಿಯನ್ನು ಗುಂಪುಘಟಕವಾಗಿ ಪರಿಗಣಿಸುವ ಮಿಶ್ರ ಮಾದರಿ ಬಳಸಿ; ನಾಳಗಳನ್ನೇ ಎಣಿಸಿ ಪಡೆದ ಸಣ್ಣ ಪಿ ಮೌಲ್ಯಕ್ಕೆ ಬೆಲೆಯಿಲ್ಲ. ಪ್ರೋಟೀನ್ ಪ್ರಮಾಣವನ್ನು ಅದೇ ಇಲಿಯ ಬಲ ಹೃತ್ಕುಕ್ಷಿಯ ಒತ್ತಡದ ಎದುರು ಬಿಂದುಗಳಾಗಿ ಗುರುತಿಸಿದ ಒಂದು ಚಿತ್ರ, ಹತ್ತು ಕಂಬಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ. ಆದರೆ ಒಂದು ಹಂತದಲ್ಲಿ ಮಾತ್ರ ಅಳೆದಾಗ ಪ್ರೋಟೀನ್ ಬದಲಾದದ್ದರಿಂದ ಒತ್ತಡ ಏರಿತೋ, ಒತ್ತಡ ಏರಿದ್ದರಿಂದ ಪ್ರೋಟೀನ್ ಬದಲಾಯಿತೋ ಗೊತ್ತಾಗದು; ಒತ್ತಡ ಏರುವ ಮುಂಚಿನ ವಾರಗಳಲ್ಲೂ ಒಂದು ಗುಂಪನ್ನು ಅಳೆಯುವುದರಿಂದ ಮಾತ್ರ ಈ ಗಂಟು ಸ್ವಲ್ಪವಾದರೂ ಬಿಚ್ಚೀತು.

ಮನುಷ್ಯರ ಅಂಗಾಂಶ ಸಿಗುವುದು ಅಪರೂಪ. ಹಳೆಯ ಹೆಪ್ಪುಗಳಿಂದಾಗುವ ಬಗೆಯಲ್ಲಿ ಶಸ್ತ್ರಚಿಕಿತ್ಸಕರು ಅಪಧಮನಿಯಿಂದ ಕಿತ್ತು ತೆಗೆಯುವ ಒಳಪದರದ ತುಂಡುಗಳು ಹೃದಯ ಆಸ್ಪತ್ರೆಗಳಲ್ಲಿ ದೊರೆಯಬಹುದು, ಆದರೆ ಅವು ದೊಡ್ಡ ನಾಳದವು. ಚಿಕ್ಕ ಅಪಧಮನಿಗಳ ಬಗ್ಗೆ ಅವುಗಳಿಂದ ತೀರ್ಮಾನಿಸಬಾರದು. ನಿಯಂತ್ರಣಕ್ಕೆ ಸಾಮಾನ್ಯವಾಗಿ ಬಳಸುವುದು ಕ್ಯಾನ್ಸರ್‌ಗಾಗಿ ತೆಗೆದ ಹಾಲೆಯಲ್ಲಿ ಗಡ್ಡೆಯಿಂದ ದೂರವಿರುವ ಭಾಗ. ಆ ರೋಗಿ ಬೀಡಿ, ಸಿಗರೇಟು ಸೇದುವವರಾಗಿದ್ದರೆ ಅವರ ರಕ್ತನಾಳವೂ ಪೂರ್ತಿ ಆರೋಗ್ಯವಂತವಲ್ಲ ಎಂಬುದನ್ನು ಬರೆದಿಡಿ. ನಮ್ಮ ಆಸ್ಪತ್ರೆಗಳಲ್ಲಿ ಕಾಣುವ ಅನೇಕ ರೋಗಿಗಳಿಗೆ ಒತ್ತಡ ಏರಿರುವುದು ಸಂಧಿವಾತ ಜ್ವರದಿಂದ ಕೆಟ್ಟ ಮೈಟ್ರಲ್ ಕವಾಟದಿಂದ, ಹುಟ್ಟಿನಿಂದ ಇದ್ದು ಸಕಾಲದಲ್ಲಿ ಮುಚ್ಚದ ಹೃದಯದ ರಂಧ್ರದಿಂದ, ಅಥವಾ ಹೊಗೆಯಿಂದ ಕೆಟ್ಟ ಶ್ವಾಸಕೋಶದಿಂದ. ಇವು ವರ್ಗೀಕರಣದಲ್ಲಿ ಬೇರೆ ಬೇರೆ ಗುಂಪುಗಳು. ಅವರೆಲ್ಲರನ್ನೂ ಪಲ್ಮನರಿ ಹೈಪರ್‌ಟೆನ್ಷನ್ ಎಂಬ ಒಂದೇ ಹಣೆಪಟ್ಟಿಯಡಿ ಸೇರಿಸಿ, ಸುಗೆನ್ ಇಲಿಗಳ ಫಲಿತಾಂಶದೊಂದಿಗೆ ತಾಳೆ ನೋಡಬೇಡಿ.

ಕತ್ತರಿಸದ ಪೂರ್ತಿ ಬ್ಲಾಟ್ ಚಿತ್ರಗಳು, ಪೊನ್ಸೋ ಚಿತ್ರಗಳು, ಪ್ರತಿ ಪ್ರತಿಕಾಯದ ಲಾಟ್ ಸಂಖ್ಯೆ, ಪ್ರತಿ ಇಲಿಯ ಒತ್ತಡ ಮತ್ತು ಫುಲ್ಟನ್ ಸೂಚ್ಯಂಕ ಇವೆಲ್ಲವೂ ಒಂದೇ ಕಡತದಲ್ಲಿರಲಿ. ಹೊಸ ಲಾಟ್‌ನ ಪ್ರತಿಕಾಯ ಬಂದ ದಿನ, ಹಳೆಯ ಲಾಟ್‌ನಲ್ಲಿ ಈಗಾಗಲೇ ಓಡಿಸಿದ ಅದೇ ಸ್ಯಾಂಪಲ್‌ಗಳನ್ನು ಮತ್ತೊಮ್ಮೆ ಓಡಿಸಿ ನೋಡಲು, ಪ್ರತಿ ಗುಂಪಿನಿಂದ ಒಂದೊಂದು ಚಿಕ್ಕ ಟ್ಯೂಬನ್ನು ಮೈನಸ್ 80ರ ಫ್ರೀಜರ್‌ನಲ್ಲಿ ಬೇರೆಯಾಗಿ ತೆಗೆದಿಡಿ.